ಜೇಡ್ ಗಿಡದ ಕುಂಡ ಚೇಂಜ್ ಮಾಡಿಸ್ಕೊಂಡು ಬಂದೆ, 4 ಸ್ಟಾರ್ ಕೊಡ್ತೀನಿ

ದಾವಣಗೆರೆಲಿ ಹದಡಿ ರೋಡ್ ಕಡೆ ಇರೋ ಒಂದು ಸಣ್ಣ ನರ್ಸರಿ ಬಗ್ಗೆ ಹೇಳ್ತಿರೋದು. ನಮ್ಮನೆ ಜೇಡ್ ಗಿಡ ಮೂರು ವರ್ಷದಿಂದ ಅದೇ ಪ್ಲಾಸ್ಟಿಕ್ ಕುಂಡದಲ್ಲಿತ್ತು, ಕೆಳಗಿನ ತೂತಿಂದ ಬೇರು ಹೊರಗೆ ಇಣುಕ್ತಿತ್ತು, ನೀರು ಹಾಕಿದ್ರೆ ಮಣ್ಣಲ್ಲಿ ನಿಲ್ದೆ ಸುರ್ ಅಂತ ಇಳಿದುಹೋಗ್ತಿತ್ತು, ಮೇಲೆ ಭಾರ ಆಗಿ ವಾಲ್ತಾನೂ ಇತ್ತು. ಅಲ್ಲಿದ್ದ ಅಜ್ಜ ನೋಡಿದ ತಕ್ಷಣ "ಇದಕ್ಕೆ ಜಾಗ ಸಾಲ್ತಿಲ್ರೀ" ಅಂದ್ರು. ನಾನು ದೊಡ್ಡ ಕುಂಡ ತೋರಿಸಿದ್ರೆ ಬೇಡ ಅಂದು ಹಳೇದಕ್ಕಿಂತ ಬರೀ ಒಂದಿಂಚು ಅಗಲ ಇರೋ ಮಣ್ಣಿನ ಕುಂಡನೇ ಕೊಟ್ರು, ದೊಡ್ಡದ್ರಲ್ಲಿ ತೇವ ಜಾಸ್ತಿ ದಿನ ನಿಂತು ಬೇರು ಕೊಳೆಯುತ್ತಂತೆ. ಜಾಸ್ತಿ ಕಾಸಿನ ಕುಂಡ ಬೇಡ ಅನ್ನೋ ಅಂಗಡಿಯವ್ರನ್ನ ನಾನಂತೂ ಇಲ್ಲೇ ನೋಡಿದ್ದು! ಒಣಗಿದ ಮಣ್ಣು ಉದುರಿಸಿ, ಕಪ್ಪಗೆ ಕೊಳೆತಿದ್ದ ಬೇರು ಕತ್ತರಿಸಿ, ಅರ್ಧ ಮಣ್ಣು ಅರ್ಧ ದಪ್ಪ ಮರಳು, ಪರ್ಲೈಟ್ (ನೀರು ಬೇಗ ಬಸಿಯೋಕೆ ಹಾಕೋ ಹಗುರವಾದ ಬಿಳಿ ಕಾಳು) ಸೇರಿಸಿ ನೆಟ್ರು. ಒಂದು ವಾರ ನೀರು ಮುಟ್ಟಿಸ್ಬೇಡಿ, ಗಾಯ ಒಣಗ್ಲಿ ಅಂತ ಹೇಳಿ ಕಳಿಸಿದ್ರು.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಅಲ್ಲೇ ತಗೊಂಡ ಮಣ್ಣಿನ ರೆಡಿ ಮಿಕ್ಸ್ ಪ್ಯಾಕೆಟಲ್ಲಿ ಬರೀ ಕೋಕೋಪೀಟೇ (ತೆಂಗಿನ ನಾರಿನ ಪುಡಿ) ತುಂಬಿದ್ರು, ಜೇಡ್ ತರ ದಪ್ಪ ಎಲೆಲಿ ನೀರು ತುಂಬ್ಕೊಳ್ಳೋ ಸಕ್ಯುಲೆಂಟ್‌ಗೆ ಆಗಲ್ಲ ಅದು. ಈಗ ಹದಿನೈದು ದಿನ ಆಯ್ತು, ತುದೀಲಿ ಎರಡು ಹೊಸ ಎಲೆ ಬಂದಿದೆ.