ಫೋಟೊವನ್ನು ಚಿತ್ರವಾಗಿಸುವ ಕೆಲಸ: ಗಿಂಪ್ ಮತ್ತು ಜಿ'ಮಿಕ್ ಜೋಡಿಯನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಛಾಯಾಚಿತ್ರಕ್ಕೆ ಕೈಯಲ್ಲಿ ಬರೆದ ಚಿತ್ರದ ರೂಪ ಕೊಡುವ ಕೆಲಸಕ್ಕೆ ನಾನು 2018ರಲ್ಲಿ ಗಿಂಪ್ 2.10 ಬಿಡುಗಡೆಯಾದ ಕಾಲದಿಂದ ಚಿತ್ರ ತಿದ್ದುವ ಆ ತಂತ್ರಾಂಶವನ್ನೂ, ಅದರೊಳಗೆ ಸೇರಿಸಿಕೊಳ್ಳಬಹುದಾದ ಜಿ'ಮಿಕ್ ಎಂಬ ಪ್ಲಗಿನ್ನನ್ನೂ ಬಳಸುತ್ತ ಬಂದಿದ್ದೇನೆ. ನನ್ನದು ಹೆಚ್ಚಾಗಿ ಮುದ್ರಣಕ್ಕೆ ಹೋಗುವ ಕೆಲಸ: ಸಂಘಗಳ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಪುಸ್ತಕದ ಮುಖಪುಟ, ಯಕ್ಷಗಾನ ಪ್ರದರ್ಶನದ ಕರಪತ್ರ. ಎರಡೂ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳು. ಆದರೆ ಉಚಿತ ಎಂಬ ಒಂದೇ ಕಾರಣಕ್ಕೆ ಇವನ್ನು ಶಿಫಾರಸು ಮಾಡುವುದಿಲ್ಲ. ಒಂದು ಗುಂಡಿ ಒತ್ತಿದರೆ ಚಿತ್ರ ಸಿದ್ಧವಾಗಬೇಕು ಎನ್ನುವವರಿಗೆ ಇವುಗಳಿಂದ ನಿರಾಸೆಯೇ ಆಗುತ್ತದೆ. ಯಾವ ವಿವರ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ತಾವೇ ತೀರ್ಮಾನಿಸಬೇಕು ಎನ್ನುವವರಿಗೆ ಇದು ತಕ್ಕ ಸಾಧನ.

ಜಿ'ಮಿಕ್ ಹುಟ್ಟಿದ್ದು ಫ್ರಾನ್ಸಿನ ಕಾನ್ ಪಟ್ಟಣದ ಗ್ರೇಕ್ ಪ್ರಯೋಗಾಲಯದಲ್ಲಿ, 2008ರಲ್ಲಿ. ಇಂದು ಅದರಲ್ಲಿ ಐನೂರಕ್ಕೂ ಹೆಚ್ಚು ಫಿಲ್ಟರುಗಳು, ಅಂದರೆ ಚಿತ್ರದ ರೂಪವನ್ನು ತಾವಾಗಿ ಬದಲಿಸುವ ಸಿದ್ಧ ವಿಧಾನಗಳು, ಇವೆ. ಚಿತ್ರ ಬಿಡಿಸುವ ತಂತ್ರಾಂಶವಾದ ಕ್ರಿಟಾದಲ್ಲಿಯೂ ಅದು ಕೆಲಸ ಮಾಡುತ್ತದೆ. ಸಂಖ್ಯೆ ಕೇಳಿ ಯಾರೂ ಹಿಗ್ಗಬೇಕಾಗಿಲ್ಲ. ಬಹುಪಾಲು ಫಿಲ್ಟರುಗಳನ್ನು ಕುತೂಹಲಕ್ಕೆಂದು ಒಮ್ಮೆ ತೆರೆದು ನೋಡಿದ್ದೇ ಹೊರತು ಮತ್ತೆ ಮುಟ್ಟಿಲ್ಲ. ನಿತ್ಯ ಬಳಕೆಗೆ ಬರುವವು ಕಾರ್ಟೂನ್, ಗ್ರಾಫಿಕ್ ನಾವೆಲ್, ಡ್ರೀಮ್ ಸ್ಮೂದಿಂಗ್, ಪೆನ್ ಡ್ರಾಯಿಂಗ್, ಕುವಾಹಾರಾ, ಇಷ್ಟೆ. ಒಪ್ಪಿಗೆಯಾದ ಅಳತೆಗಳ ಸಮೇತ ಒಂದು ಫಿಲ್ಟರನ್ನು ಮೆಚ್ಚಿನವುಗಳ ಪಟ್ಟಿಗೆ ಸೇರಿಸಿಕೊಳ್ಳುವ ಸೌಲಭ್ಯವಿರುವುದರಿಂದ, ಒಂದೇ ಸಂಚಿಕೆಯಲ್ಲಿ ಬರುವ ಹಲವು ಭಾವಚಿತ್ರಗಳಿಗೆ ಒಂದೇ ಬಗೆಯ ರೂಪ ಕೊಡುವುದು ಸುಲಭವಾಗುತ್ತದೆ. ಸಂಪಾದಕರು ಕೊನೆಯ ಗಳಿಗೆಯಲ್ಲಿ ಇನ್ನೊಬ್ಬ ದಾನಿಯ ಫೋಟೊ ಕಳುಹಿಸಿದಾಗ ಈ ಸೌಲಭ್ಯದ ಬೆಲೆ ತಿಳಿಯುತ್ತದೆ.

ಹೆಸರು ಏನೇ ಇರಲಿ, ಇಂಥ ಫಿಲ್ಟರುಗಳಲ್ಲಿ ಹೆಚ್ಚಿನವು ಮಾಡುವುದು ಎರಡೇ ಕೆಲಸ. ಮೊದಲನೆಯದು, ಅಂಚುಗಳನ್ನು ಕೆಡಿಸದೆ ಒಳಗಿನ ಸಣ್ಣ ವಿವರಗಳನ್ನು ನಯಗೊಳಿಸಿ ಬಣ್ಣವನ್ನು ಸಪಾಟಾದ ತೇಪೆಗಳನ್ನಾಗಿ ಮಾಡುವುದು. ಎರಡನೆಯದು, ಅಂಚು ಇರುವಲ್ಲಿ ಗೆರೆ ಎಳೆಯುವುದು. ಕುವಾಹಾರಾ ಮೊದಲನೆಯ ಬಗೆಗೆ ಸೇರಿದ್ದು. ಜಪಾನಿನಲ್ಲಿ 1976ರಲ್ಲಿ ಹೃದಯದ ವೈದ್ಯಕೀಯ ಚಿತ್ರಗಳ ಗದ್ದಲವನ್ನು, ಅಂದರೆ ಬೇಡದ ಚುಕ್ಕೆಗಳನ್ನು, ನಿವಾರಿಸಲು ರೂಪಿಸಿದ ಈ ವಿಧಾನ ಪ್ರತಿಯೊಂದು ಪಿಕ್ಸೆಲ್‌ನ ಸುತ್ತಲಿನ ಚೌಕವನ್ನು ಒಂದರ ಮೇಲೊಂದು ತುಸು ಚಾಚಿಕೊಂಡ ನಾಲ್ಕು ಭಾಗ ಮಾಡಿ, ಯಾವ ಭಾಗದಲ್ಲಿ ಏರುಪೇರು ಅತ್ಯಂತ ಕಡಿಮೆಯೋ ಅದರ ಸರಾಸರಿ ಬಣ್ಣವನ್ನು ಆ ಪಿಕ್ಸೆಲ್‌ಗೆ ಕೊಡುತ್ತದೆ. ಅಂಚಿನ ಆಚೆಗಿನ ಬಣ್ಣ ಈಚೆಗೆ ಬೆರೆಯದಿರುವುದರಿಂದ ಕುಂಚದಿಂದ ಬಣ್ಣ ಬಳಿದ ಹಾಗೆ ಕಾಣುತ್ತದೆ. ಗೆರೆಗಳಿಗೆ ನಾನು ಗಿಂಪ್‌ನಲ್ಲೇ ಇರುವ ಡಿಫರೆನ್ಸ್ ಆಫ್ ಗೌಸಿಯನ್ಸ್ ಬಳಸುತ್ತೇನೆ: ಒಂದೇ ಚಿತ್ರವನ್ನು ಎರಡು ಪ್ರಮಾಣದಲ್ಲಿ ಮಸುಕು ಮಾಡಿ ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಅಂಚುಗಳು. ಆ ಗೆರೆಗಳನ್ನು ಬಿಳಿ ನೆಲದ ಮೇಲೆ ಕಪ್ಪಾಗಿಸಿ, ಬಣ್ಣದ ಪದರದ, ಅಂದರೆ ಲೇಯರ್‌ನ ಮೇಲೆ, ಬಿಳಿ ಮಾಯವಾಗಿ ಕಪ್ಪು ಮಾತ್ರ ಉಳಿಯುವ ಮಲ್ಟಿಪ್ಲೈ ವಿಧಾನದಲ್ಲಿ ಕೂರಿಸುತ್ತೇನೆ. ಜಿ'ಮಿಕ್‌ನ ಕಾರ್ಟೂನ್ ಫಿಲ್ಟರು ಇವೆರಡನ್ನೂ ಒಟ್ಟಿಗೆ ಮಾಡಿಬಿಡುತ್ತದಾದರೂ, ಬೇರೆ ಬೇರೆ ಲೇಯರ್‌ಗಳಲ್ಲಿ ಮಾಡಿದರೆ ಗೆರೆಯನ್ನು ಒಂದು ಕಡೆ ಅಳಿಸಿ ಬಣ್ಣವನ್ನು ಹಾಗೆಯೇ ಉಳಿಸಿಕೊಳ್ಳಲು ಬರುತ್ತದೆ. ಈ ಸ್ವಾತಂತ್ರ್ಯಕ್ಕಾಗಿಯೇ ನಾನು ಮೊಬೈಲ್ ಆ್ಯಪ್‌ಗಳ ಕಡೆ ಹೋಗಿಲ್ಲ.

ಅದು ಎಷ್ಟು ಮುಖ್ಯ ಎಂಬುದು ಯಕ್ಷಗಾನದ ಫೋಟೊಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ ಇಡುವ ಬಿಳಿಯ ಚಿಟ್ಟಿಗಳು ಒಂದೊಂದೂ ಸಣ್ಣ ಮುಳ್ಳಿನಷ್ಟೇ ಇರುತ್ತವೆ. ನಯಗೊಳಿಸುವ ಫಿಲ್ಟರಿನ ಲೆಕ್ಕದಲ್ಲಿ ಅವು ಕ್ಯಾಮೆರಾದ ಗದ್ದಲಕ್ಕೆ ಸಮ. ತ್ರಿಜ್ಯವನ್ನು, ಅಂದರೆ ಫಿಲ್ಟರು ಪ್ರತಿ ಪಿಕ್ಸೆಲ್ ಸುತ್ತ ಎಷ್ಟು ದೂರ ನೋಡುತ್ತದೆ ಎಂಬ ಅಳತೆಯನ್ನು, ಸ್ವಲ್ಪ ಹೆಚ್ಚಿಸಿದರೂ ಅವೆಲ್ಲ ಕರಗಿ ಕೆನ್ನೆಯ ಮೇಲೆ ಬೂದು ಪಟ್ಟಿಯಾಗಿ ಉಳಿಯುತ್ತವೆ. ಚಿಟ್ಟಿ ಹೋದ ಮೇಲೆ ರಕ್ಕಸನ ಮುಖ ರಕ್ಕಸನದಾಗಿ ಉಳಿಯುವುದಿಲ್ಲ, ರಾತ್ರಿಯಿಡೀ ಆಟ ನೋಡುವವರಿಗೆ ಅದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಬಡಗುತಿಟ್ಟಿನ ಚೌಕುಳಿ ಸೀರೆಯ ಕಷ್ಟ ಇದಕ್ಕೆ ವಿರುದ್ಧವಾದದ್ದು: ಅಲ್ಲಿ ಗೆರೆ ಹುಡುಕುವ ಫಿಲ್ಟರಿಗೆ ಪ್ರತಿಯೊಂದು ಚೌಕವೂ ಅಂಚಾಗಿ ಕಾಣುವುದರಿಂದ ಸೊಂಟದಿಂದ ಕೆಳಗೆ ಕಪ್ಪು ಬಲೆ ಹರಡಿಕೊಳ್ಳುತ್ತದೆ, ಕಾಲಿನ ಭಂಗಿಯೇ ಮುಚ್ಚಿಹೋಗುತ್ತದೆ. ಎರಡಕ್ಕೂ ಪರಿಹಾರ ಲೇಯರ್ ಮಾಸ್ಕ್, ಅಂದರೆ ಲೇಯರಿನ ಬೇಕಾದ ಭಾಗವನ್ನು ಮಾತ್ರ ಕಾಣಿಸಿ ಉಳಿದದ್ದನ್ನು ಮರೆಮಾಡುವ ಮುಸುಕು. ಮುಖದ ಭಾಗದಲ್ಲಿ ಕಡಿಮೆ ತ್ರಿಜ್ಯದಲ್ಲಿ ನಯಗೊಳಿಸಿದ ಲೇಯರನ್ನೂ, ಸೀರೆಯ ಮೇಲೆ ಬಣ್ಣದ ಲೇಯರನ್ನು ಮಾತ್ರವೂ ಕಾಣಿಸಿ, ಗೆರೆಯನ್ನು ನೆರಿಗೆಗಳ ಹೊರ ಅಂಚಿಗೆ ಸೀಮಿತಗೊಳಿಸುತ್ತೇನೆ. ಹಿನ್ನೆಲೆಯಲ್ಲಿ ಮೇಳದ ಹೆಸರಿನ ಫಲಕವಿದ್ದರೆ ಅದನ್ನೂ ಮಾಸ್ಕ್ ಮಾಡಲೇಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಓದಲು ಬಾರದ ಆಕಾರಗಳಾಗುತ್ತವೆ. ನಾನು ಸಾಮಾನ್ಯವಾಗಿ ಫಲಕವನ್ನು ತೆಗೆದುಹಾಕಿ ಹೆಸರನ್ನು ಹೊಸದಾಗಿ ಟೈಪಿಸುತ್ತೇನೆ. ಯೂನಿಕೋಡ್ ಕನ್ನಡವನ್ನು ಗಿಂಪ್ ಒತ್ತಕ್ಷರ ಒಡೆಯದಂತೆ ತೋರಿಸುತ್ತದೆ.

ಭಾವಚಿತ್ರಗಳ ವಿಷಯದಲ್ಲಿ ಒಂದು ಮಾತು ಹೇಳಬೇಕು. 2025ರಿಂದೀಚೆಗೆ ಫೋಟೊ ಕೊಟ್ಟರೆ ಕ್ಷಣದಲ್ಲಿ ಆ್ಯನಿಮೇಷನ್ ಶೈಲಿಯ ಚಿತ್ರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸೇವೆಗಳು ಮನೆಮಾತಾಗಿವೆ, ಅವುಗಳ ಫಲಿತಾಂಶ ನೋಡಲು ಚೆಂದವೂ ಹೌದು. ಆದರೆ ಅವು ಫೋಟೊವನ್ನು ಆಧಾರವಾಗಿಟ್ಟುಕೊಂಡು ಹೊಸ ಚಿತ್ರವನ್ನು ಕಟ್ಟುತ್ತವೆ. ನಿವೃತ್ತ ಮೇಷ್ಟ್ರ ಬಾಯಲ್ಲಿ ಇಲ್ಲದ ಹಲ್ಲು ಬರಬಹುದು, ಕನ್ನಡಕದ ಕಟ್ಟು ಬದಲಾಗಬಹುದು, ಹಣೆಯ ವಿಭೂತಿಯ ಮೂರು ಪಟ್ಟೆ ಎರಡಾಗಬಹುದು. ಫಿಲ್ಟರಿಗೆ ಇರುವುದನ್ನು ಕಳೆಯುವುದು ಗೊತ್ತು, ಇಲ್ಲದ ಹಲ್ಲನ್ನು ಹುಟ್ಟಿಸುವುದು ಗೊತ್ತಿಲ್ಲ. ಅಭಿನಂದನ ಗ್ರಂಥಕ್ಕೆ ನನಗೆ ಬೇಕಾದದ್ದು ಆ ನಂಬಿಕೆ. ಆಯ್ಕೆ ನಮ್ಮದಾಗಿದ್ದಲ್ಲಿ ಒಂದು ಬದಿಯಿಂದ ಬೆಳಕು ಬಿದ್ದ ಫೋಟೊವನ್ನೇ ಆರಿಸಬೇಕು: ಕಿಟಕಿಯ ಪಕ್ಕ ಕೂತವರ ಮೂಗು ಮತ್ತು ಕೆನ್ನೆಯ ನೆರಳು ತಾನಾಗಿಯೇ ಎರಡು ಮೂರು ಬಣ್ಣಗಳಾಗಿ ಒಡೆಯುತ್ತದೆ. ಫ್ಲಾಶ್ ಹಾಕಿ ಎದುರಿನಿಂದ ತೆಗೆದ ಪಾಸ್‌ಪೋರ್ಟ್ ಫೋಟೊದಲ್ಲಿ ನೆರಳೇ ಇರುವುದಿಲ್ಲ, ಯಾವ ಫಿಲ್ಟರಿನಿಂದಲೂ ಅದಕ್ಕೆ ಜೀವ ಬರುವುದಿಲ್ಲ. ದುರದೃಷ್ಟಕ್ಕೆ ಸ್ಮರಣ ಸಂಚಿಕೆಗೆ ಬರುವವು ಬಹುಪಾಲು ಅಂಥವೇ, ಅದೂ ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದವು.

ಹೊಸಬರನ್ನು ಹೆಚ್ಚು ಗೊಂದಲಕ್ಕೆ ಒಡ್ಡುವುದು ಅಳತೆ. ಫಿಲ್ಟರುಗಳ ತ್ರಿಜ್ಯ, ಗೆರೆಯ ದಪ್ಪ ಮುಂತಾದವನ್ನು ಬಹುಮಟ್ಟಿಗೆ ಪಿಕ್ಸೆಲ್‌ಗಳಲ್ಲಿ ಎಣಿಸುವುದರಿಂದ, 1500 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಸೊಗಸಾಗಿ ಕಂಡ ಅಳತೆ 6000 ಪಿಕ್ಸೆಲ್ ಅಗಲದ ಮೂಲ ಫೋಟೊದಲ್ಲಿ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಆದ್ದರಿಂದ ಮುದ್ರಣದ ಗಾತ್ರಕ್ಕೆ ಮೊದಲೇ ಇಳಿಸಿಕೊಂಡು, ಎ4 ಪುಟಕ್ಕಾದರೆ ಇಂಚಿಗೆ 300ರಂತೆ 2480×3508 ಪಿಕ್ಸೆಲ್ ಮಾಡಿಕೊಂಡು, ಆಮೇಲೆ ಫಿಲ್ಟರು ಹಾಕುವುದು ಕ್ರಮ. ಜಿ'ಮಿಕ್‌ನ ಮುನ್ನೋಟವೂ ಕೆಲವು ಫಿಲ್ಟರುಗಳಲ್ಲಿ ಅಂತಿಮ ಫಲಿತಾಂಶಕ್ಕೆ ಪೂರ್ತಿ ಹೊಂದುವುದಿಲ್ಲ, ಅದನ್ನು ನೂರಕ್ಕೆ ನೂರು ಹಿಗ್ಗಿಸಿ ನೋಡಿದರೂ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಕೊರತೆಗಳೂ ಇವೆ. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0ರಲ್ಲಿ ಫಿಲ್ಟರು ಹಾಕಿದ ಮೇಲೂ ಅದರ ಅಳತೆಯನ್ನು ತಿದ್ದಬಹುದು ಎಂಬುದು ಬಹುದಿನಗಳ ಬೇಡಿಕೆಯ ಈಡೇರಿಕೆ. ಆದರೆ ಆ ಸೌಲಭ್ಯ ಗಿಂಪ್‌ನ ಸ್ವಂತ ಫಿಲ್ಟರುಗಳಿಗೆ ಮಾತ್ರ. ಜಿ'ಮಿಕ್ ಈಗಲೂ ಪಿಕ್ಸೆಲ್‌ಗಳನ್ನು ನೇರವಾಗಿ ಬದಲಿಸುತ್ತದೆ. ಹೀಗಾಗಿ ಅದರ ಔಟ್‌ಪುಟ್ ಆಯ್ಕೆಯನ್ನು ಹೊಸ ಲೇಯರ್ ಎಂದು ಇಟ್ಟುಕೊಂಡೇ ಕೆಲಸ ಮಾಡಬೇಕು. 2.10ಕ್ಕೆ ಹಾಕಿಕೊಂಡ ಪ್ಲಗಿನ್ 3.0ರಲ್ಲಿ ನಡೆಯುವುದಿಲ್ಲ, ಅದಕ್ಕೆಂದೇ ಸಿದ್ಧಪಡಿಸಿದ ಬೇರೆ ಆವೃತ್ತಿಯನ್ನು ಇಳಿಸಿಕೊಳ್ಳಬೇಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎ4 ಗಾತ್ರದ ಚಿತ್ರಕ್ಕೆ ಕೆಲವು ಕಲಾ ಫಿಲ್ಟರುಗಳು ತೆಗೆದುಕೊಳ್ಳುವ ಸಮಯದಲ್ಲಿ ಚಹಾ ಕುಡಿದು ಬರಬಹುದು.

ಇನ್ನು ಬಣ್ಣ. ಗಿಂಪ್‌ನಲ್ಲಿ ಪೂರ್ಣ ಪ್ರಮಾಣದ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಲೆಕ್ಕದಲ್ಲಿ ಬಣ್ಣ ಹೇಳುವ) ವಿಧಾನ ಇಲ್ಲದಿರುವುದರಿಂದ ಆಫ್‌ಸೆಟ್‌ಗೆ ಕೊಡುವ ಮುನ್ನ ಚಿತ್ರವನ್ನು ಸ್ಕ್ರೈಬಸ್‌ನಂಥ ಪುಟವಿನ್ಯಾಸದ ತಂತ್ರಾಂಶಕ್ಕೆ ಒಯ್ದು ಅಲ್ಲಿ ಪಿಡಿಎಫ್ ಮಾಡಬೇಕಾಗುತ್ತದೆ. ಪೋಸ್ಟರೈಸ್ ಮಾಡಿದ, ಅಂದರೆ ಬಣ್ಣಗಳನ್ನು ಕೆಲವೇ ಕೆಲವಕ್ಕೆ ಇಳಿಸಿದ, ಚಿತ್ರಗಳಲ್ಲಿ ಇದರ ಪರಿಣಾಮ ಹೆಚ್ಚು: ಪರದೆಯ ಮೇಲೆ ಬೆಂಕಿಯಂತೆ ಹೊಳೆಯುವ ಕಿತ್ತಳೆ ದೊಡ್ಡ ತೇಪೆಯಾಗಿ ಕಾಗದದ ಮೇಲೆ ಬಿದ್ದಾಗ ಮಂಕಾದದ್ದು ಎದ್ದು ಕಾಣುತ್ತದೆ. ಅದಕ್ಕೇ ಮುಖಪುಟದ ಬಣ್ಣಗಳನ್ನು ಅಂತಿಮಗೊಳಿಸುವ ಮುನ್ನ, ಮುದ್ರಣಾಲಯದವರು ಎಷ್ಟೇ ಅವಸರಪಡಿಸಿದರೂ, ಅದೇ ಕಾಗದದ ಮೇಲೆ ಒಂದು ಮಾದರಿ ಪ್ರತಿ ತೆಗೆಸಿ ನೋಡುತ್ತೇನೆ.