ಸ್ಪಿಯರ್‌ಗನ್ನಿನ ಮೂತಿಗೆ ಕ್ಯಾಮೆರಾ ಕಟ್ಟುವವರಿಗೆ ಒಂದು ಎಚ್ಚರಿಕೆ

ಉಸಿರು ಕಟ್ಟಿ ಮುಳುಗಿ ಈಟಿಯಿಂದ ಮೀನು ಹೊಡೆಯುವವರಲ್ಲಿ, ಆ ಕ್ಷಣವನ್ನು ವಿಡಿಯೊ ಮಾಡಿಕೊಳ್ಳಬೇಕೆಂಬ ಆಸೆ ಇಲ್ಲದವರು ಕಡಿಮೆ. ಆ ಆಸೆಗೆ ಬಿದ್ದು ನಾನು ಆಕ್ಷನ್ ಕ್ಯಾಮೆರಾವನ್ನು ಸ್ಪಿಯರ್‌ಗನ್ನಿನ, ಅಂದರೆ ಎಳೆದು ಸಿಕ್ಕಿಸಿದ ರಬ್ಬರಿನ ಬಲದಿಂದ ಈಟಿ ಹಾರಿಸುವ ಗನ್ನಿನ, ಮೂತಿಯ ಹತ್ತಿರ ಬಿಗಿದುಕೊಂಡು ನೀರಿಗಿಳಿದೆ. ಈಟಿ ಹೊರಡುವುದೂ ಮೀನಿಗೆ ತಾಗುವುದೂ ಅಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು.

ಮೊದಲು ಕೆಟ್ಟದ್ದು ಗುರಿ. ಕ್ಯಾಮೆರಾ ಅಂಗೈಯಲ್ಲಿ ಹಗುರವೇ; ಆದರೆ ಹಿಡಿಕೆಯಿಂದ ಸುಮಾರು ಒಂದು ಮೀಟರ್ ಆಚೆ ಕೂತಾಗ ಅದು ಮೂತಿಯನ್ನು ಕೆಳಕ್ಕೆ ಜಗ್ಗುತ್ತದೆ, ಗನ್ನನ್ನು ಪಕ್ಕಕ್ಕೆ ತಿರುಗಿಸಿದಾಗ ನೀರಿಗೆ ಅಡ್ಡವಾಗಿ ನಿಲ್ಲುತ್ತದೆ. ಅಂದು ಬೆಳಗಿನಿಂದ ಹೊಡೆದ ನಾಲ್ಕು ಈಟಿಗಳೂ ಮೀನಿನ ಹೊಟ್ಟೆಯ ಕೆಳಗೇ ಹಾದುಹೋದವು.

ನಿಜವಾದ ಅಪಾಯವಿದ್ದದ್ದು ದಾರದಲ್ಲಿ. ಈಟಿಗೆ ಕಟ್ಟಿದ ದಾರವು ಮೂತಿಗೂ ಹಿಡಿಕೆಯ ಬಳಿಯ ಕೊಕ್ಕೆಗೂ ನಡುವೆ ಸುತ್ತಿಕೊಂಡಿರುತ್ತದೆ. ಟ್ರಿಗರ್ ಒತ್ತಿದೊಡನೆ ಕೊಕ್ಕೆ ಸಡಿಲಗೊಂಡು ದಾರವೆಲ್ಲ ಬಿಚ್ಚಿಕೊಂಡು ಈಟಿಯ ಹಿಂದೆ ಓಡುತ್ತದೆ. ಕ್ಯಾಮೆರಾವನ್ನು ಗನ್ನಿಗೆ ಹಿಡಿದಿಡುವ ಮೌಂಟಿನ ತಿರುಪು ಕಿವಿಯಂತೆ ಚಾಚಿಕೊಂಡಿದ್ದದ್ದು ಸರಿಯಾಗಿ ಆ ಹಾದಿಯಲ್ಲೇ. ಅದರ ಮೇಲೆ ಇನ್ನೊಂದು ತಪ್ಪು: ಮೌಂಟ್ ಕಳಚಿದರೆ ಕ್ಯಾಮೆರಾ ತಳ ಸೇರೀತೆಂಬ ಭಯದಿಂದ, ಗಟ್ಟಿ ನೈಲಾನ್ ಹುರಿಯಿಂದ ಅದನ್ನು ನನ್ನ ಬಲ ಮಣಿಕಟ್ಟಿಗೆ ಕಟ್ಟಿಕೊಂಡಿದ್ದೆ.

ಸುಮಾರು 11 ಮೀಟರ್ ಆಳದಲ್ಲಿ, ಕ್ಯಾಮೆರಾದ ರೆಕಾರ್ಡಿಂಗಿನ ಕೆಂಪು ದೀಪ ಮಿನುಗುತ್ತಿದೆಯೇ ಎಂದು ನೋಡುತ್ತಾ ಒಂದಿಷ್ಟು ಉಸಿರನ್ನು ಆಗಲೇ ಕಳೆದಿದ್ದೆ. ಐದನೆಯ ಈಟಿ ತಾಗಿತು. ಮೀನು ಬಂಡೆಯ ಬಿರುಕಿಗೆ ನುಗ್ಗಿತು, ದಾರ ತಿರುಪಿಗೆ ಸುತ್ತಿಕೊಂಡಿತು, ಗನ್ನು ಕೈಜಾರಿ ಮುಂದಕ್ಕೆ ಚಿಮ್ಮಿತು, ಅದರ ಹಿಂದೆಯೇ ನನ್ನ ಮಣಿಕಟ್ಟೂ ಹೋಯಿತು. ಒದ್ದೆ ಹುರಿಯ ಗಂಟು ಎಳೆದಷ್ಟೂ ಬಿಗಿಯಾಯಿತು. ಚಾಕು ಇದ್ದದ್ದು ಬಲಗಾಲಿನ ಹೊರಬದಿಯಲ್ಲಿ. ಬಲಗೈ ಸಿಕ್ಕಿಬಿದ್ದಿದ್ದರಿಂದ ಎಡಗೈಯನ್ನು ಮೈಮೇಲಿಂದ ಅಡ್ಡ ಚಾಚಿ ಅದನ್ನು ಹಿರಿಯಬೇಕಾಯಿತು. ಹುರಿ ಕೊಯ್ದು, ಗನ್ನನ್ನು ಅಲ್ಲೇ ಬಿಟ್ಟು ಮೇಲಕ್ಕೆ ಬಂದೆ. ಏರುವಾಗ ನೀರಿನ ಒತ್ತಡ ಇಳಿದಂತೆಲ್ಲ ಶ್ವಾಸಕೋಶದಲ್ಲಿ ಉಳಿದ ಆಮ್ಲಜನಕದ ಒತ್ತಡವೂ ಕುಸಿಯುವುದರಿಂದ, ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಕೊನೆಯ 10 ಮೀಟರ್‌ಗಳಲ್ಲಿ ಅಥವಾ ಮೇಲೆ ಬಂದ ಮೇಲೆ. ನನ್ನ ತುಟಿ ನೀಲಿಗಟ್ಟಿತ್ತಂತೆ. ಮೇಲೆ ಕಾಯುತ್ತಿದ್ದ ಜೊತೆಗಾರ ನನ್ನ ಗಲ್ಲ ಹಿಡಿದೆತ್ತಿ ‘ಉಸಿರಾಡು, ಉಸಿರಾಡು’ ಎಂದದ್ದು ಮಾತ್ರ ನೆನಪಿದೆ. ಗನ್ನನ್ನು ಆಮೇಲೆ ಅವನೇ ತಂದ. ವಿಡಿಯೊದಲ್ಲಿ ಮೀನು ಎಲ್ಲೂ ಇರಲಿಲ್ಲ, ಬರೀ ಕೆಸರು ಮತ್ತು ರಬ್ಬರಿನ ಒದೆತಕ್ಕೆ ನಡುಗುವ ಚಿತ್ರ.

ಈಗ ಕ್ಯಾಮೆರಾ ನನ್ನ ತಲೆಪಟ್ಟಿಯಲ್ಲಿರುತ್ತದೆ, ಪಟ್ಟಿಯ ಮೇಲೆ ಮಾಸ್ಕಿನ ಪಟ್ಟಿ ಬರುತ್ತದೆ. ಮಾಸ್ಕಿಗೇ ಅಂಟಿಸುವುದನ್ನೂ ಒಮ್ಮೆ ಪ್ರಯತ್ನಿಸಿದ್ದೆ. ವೇಗವಾಗಿ ಇಳಿಯುವಾಗ ಅದು ಮಾಸ್ಕನ್ನು ಜಗ್ಗಿ ಒಳಗೆ ನೀರು ಬಿಡುತ್ತದೆ. ಮಣಿಕಟ್ಟಿಗೆ ಏನನ್ನೂ ಕಟ್ಟುವುದಿಲ್ಲ. ಕಾಪುಹುರಿ ಬೇಕೇ ಬೇಕೆನ್ನುವವರು, ಕೈಯಿಂದ ಜೋರಾಗಿ ಎಳೆದರೆ ಹರಿಯುವಂಥದ್ದನ್ನೇ ಬಳಸಲಿ. ಕ್ಯಾಮೆರಾ ಹೋದರೆ ಹೋಗಲಿ. ರೆಕಾರ್ಡಿಂಗನ್ನು ಮೇಲೆಯೇ, ಮುಳುಗುವ ಮುನ್ನ ಉಸಿರು ತುಂಬಿಕೊಳ್ಳುವ ಮೊದಲೇ ಆರಂಭಿಸಿ, ಕೆಳಗೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಚಾಕು ಸೊಂಟದ ನಡುವಿಗೆ ಬಂದಿದೆ, ಎರಡು ಕೈಗಳಲ್ಲಿ ಯಾವುದಕ್ಕಾದರೂ ಎಟುಕುವಂತೆ.

ಗನ್ನಿಗೇ ಕಟ್ಟಬೇಕೆಂಬ ಹಟವಿದ್ದವರು ಹಿಡಿಕೆಯ ಹತ್ತಿರ, ಆದಷ್ಟು ತಗ್ಗಾಗಿ ಕಟ್ಟಲಿ. ರಬ್ಬರ್ ಎಳೆಯದೆ, ದಡದಲ್ಲೇ ಕೂತು, ದಾರವನ್ನು ಎಲ್ಲ ದಿಕ್ಕಿನಿಂದಲೂ ಮೌಂಟಿನ ಮೇಲೆ ಸವರಿ ನೋಡಲಿ. ಅದು ಒಂದೇ ಒಂದು ಕಡೆ ಸಿಕ್ಕಿಕೊಂಡರೂ ಆ ದಿನ ಕ್ಯಾಮೆರಾ ದಡದಲ್ಲೇ ಇರಲಿ.