ಕಂಟ್ರೋಲರ್ ಸುಟ್ಟರೆ ಸೈನ್ ವೇವ್ ಹಾಕಿಸಿ

ಧಾರವಾಡದ ಏರಿಳಿತದ ರಸ್ತೆಗಳಲ್ಲಿ ಎಲೆಕ್ಟ್ರಿಕ್ ಸೈಕಲ್ ಓಡಿಸುವವರಿಗೆ ನನ್ನ ಮಾತು ಇಷ್ಟೇ: ಕಂಟ್ರೋಲರ್, ಅಂದರೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಪೆಟ್ಟಿಗೆ, ಸುಟ್ಟರೆ ಕರೆಂಟನ್ನು ಅಲೆಯಂತೆ ನಯವಾಗಿ ಏರಿಳಿಸುವ ಸೈನ್ ವೇವ್‌ನದನ್ನೇ ಹಾಕಿಸಿ. ಕರೆಂಟನ್ನು ಥಟ್ಟನೆ ಬದಲಿಸುವ ಸ್ಕ್ವೇರ್ ವೇವ್ ಮತ್ತು ಸೈನ್ ವೇವ್ ಎರಡನ್ನೂ ಒಂದೇ 36 ವೋಲ್ಟ್, 250 ವ್ಯಾಟ್ ಹಬ್ ಮೋಟಾರಿಗೆ (ಚಕ್ರದ ನಡುವೆಯೇ ಕೂರುವ ಮೋಟಾರ್) ಜೋಡಿಸಿ ಓಡಿಸಿದ್ದೇನೆ.

ಕೊಳ್ಳುವ ಮುನ್ನ ಕೆಟ್ಟಿರುವುದು ಯಾವುದೆಂದು ನೋಡಿಕೊಳ್ಳಿ. ಬ್ಯಾಟರಿ ತೆಗೆದು ಚಕ್ರವನ್ನು ಕೈಯಿಂದ ತಿರುಗಿಸಿದರೆ ನನ್ನದು ತಡೆತಡೆದು ತಿರುಗುತ್ತಿತ್ತು. ಕಂಟ್ರೋಲರಿನಿಂದ ಮೋಟಾರಿಗೆ ಕರೆಂಟ್ ಒಯ್ಯುವ ಮೂರು ಫೇಸ್ ತಂತಿಗಳನ್ನು ಬಿಡಿಸಿದೊಡನೆ ಹಗುರವಾಯಿತು. ಕಂಟ್ರೋಲರಿನೊಳಗೆ ಕರೆಂಟನ್ನು ಹಾಯಿಸಿ ತಡೆಯುವ ಸ್ವಿಚ್ಚಾದ ಮಾಸ್‌ಫೆಟ್ ಶಾರ್ಟ್ ಆಗಿದೆ, ಮೋಟಾರ್ ಕ್ಷೇಮ ಎಂದು ಖಾತ್ರಿಯಾಯಿತು.

ಮೊದಲು ಹುಬ್ಬಳ್ಳಿಯ ಅಂಗಡಿಯೊಂದರಿಂದ ಅಗ್ಗದ ಸ್ಕ್ವೇರ್ ವೇವ್ ತಂದೆ. ತಲೆನೋವು ಶುರುವಾದದ್ದು ತಂತಿಗಳಿಂದ. ಹಳದಿಗೆ ಹಳದಿ, ಹಸಿರಿಗೆ ಹಸಿರು, ನೀಲಿಗೆ ನೀಲಿ ಎಂದು ಹೇಳಿ ಕಳಿಸಿದ್ದರು. ಹಾಗೆಯೇ ಜೋಡಿಸಿ ಥ್ರಾಟಲ್ ತಿರುವಿದರೆ ಚಕ್ರ ಗಡಗಡ ನಡುಗಿ ನಿಂತಿತು. ಬಣ್ಣಗಳ ವಿಷಯದಲ್ಲಿ ಎಲ್ಲ ತಯಾರಕರೂ ಒಪ್ಪಿದ ಕ್ರಮವೇ ಇಲ್ಲ.

ಮೋಟಾರ್ ಎಷ್ಟು ತಿರುಗಿದೆ ಎಂದು ಕಂಟ್ರೋಲರಿಗೆ ತಿಳಿಸುವ ಹಾಲ್ ಸೆನ್ಸರ್ ತಂತಿಗಳನ್ನು ಮುಟ್ಟದೆ ಫೇಸ್ ತಂತಿಗಳನ್ನಷ್ಟೇ ಅದಲುಬದಲು ಮಾಡಿದರೂ ಆರು ಜೋಡಣೆಗಳು, ಸರಿಯಾದದ್ದು ಒಂದೇ. ಅದರಲ್ಲೂ ಚಕ್ರ ಹಿಂದಕ್ಕೆ ತಿರುಗಿದರೆ ಹಾಲ್ ತಂತಿಗಳಿಗೂ ಕೈಹಾಕಬೇಕು. ಮೋಸಗೊಳಿಸುವ ಜೋಡಣೆಗಳೂ ಇವೆ: ಚಕ್ರ ತಿರುಗುತ್ತದೆ, ಆದರೆ ಗುರುಗುಟ್ಟುತ್ತ ವಿಪರೀತ ಕರೆಂಟ್ ಎಳೆಯುತ್ತದೆ. ಹಾಗೆಯೇ ರಸ್ತೆಗಿಳಿಸಿದರೆ ಹೊಸ ಕಂಟ್ರೋಲರೂ ಸುಟ್ಟೀತು. ಆದ್ದರಿಂದ ಚಕ್ರವನ್ನು ನೆಲದಿಂದ ಎತ್ತಿ, ಥ್ರಾಟಲನ್ನು ತುಸುವೇ ತಿರುವಿ ಪರೀಕ್ಷಿಸಬೇಕು. ಬ್ಯಾಟರಿ ತೆಗೆ, ತಂತಿ ಬಿಚ್ಚು, ಮತ್ತೆ ಜೋಡಿಸು; ಭಾನುವಾರವಿಡೀ ಇದರಲ್ಲೇ ಕಳೆಯಿತು.

ಆಮೇಲೆ ತಂದ ಸೈನ್ ವೇವ್‌ನದರಲ್ಲಿ ಎರಡು ಬಿಳಿ ತಂತಿಗಳಿದ್ದವು. ಅವನ್ನು ಒಂದಕ್ಕೊಂದು ಸೇರಿಸಿ ಕರೆಂಟ್ ಕೊಟ್ಟರೆ ಕಂಟ್ರೋಲರೇ ತಂತಿಗಳ ಕ್ರಮವನ್ನು ಕಲಿತುಕೊಂಡು ಚಕ್ರ ತಿರುಗಿಸುತ್ತದೆ. ಹಿಂದಕ್ಕೆ ತಿರುಗಿದರೆ ಬಿಡಿಸಿ ಮತ್ತೊಮ್ಮೆ ಸೇರಿಸಿದರಾಯಿತು. ಚಹಾ ಆರುವುದರೊಳಗೆ ಕೆಲಸ ಮುಗಿಯಿತು.

ಸದ್ದಿನಲ್ಲಂತೂ ಹೋಲಿಕೆಯೇ ಇಲ್ಲ. ಸ್ಕ್ವೇರ್ ವೇವ್ ಕರೆಂಟನ್ನು ಥಟ್ಟನೆ ಒಂದು ಫೇಸ್‌ನಿಂದ ಇನ್ನೊಂದಕ್ಕೆ ಬದಲಿಸುವುದರಿಂದ ನಿಂತಲ್ಲಿಂದ ಹೊರಡುವಾಗ ಮೋಟಾರ್ ಜಗ್ಗುತ್ತದೆ, ಗುರುಗುಟ್ಟುತ್ತದೆ. ಛೋಟಾ ಮಹಾಬಳೇಶ್ವರ ಎಂಬ ಗುಡ್ಡದ ಏರಿನಲ್ಲಿ ವಿಶ್ವವಿದ್ಯಾಲಯದತ್ತ ಹತ್ತುವಾಗ ಇನ್ನೂ ಜೋರು. ಸೈನ್ ವೇವ್ ಹಾಕಿದ ಮೇಲೆ ಟೈರಿನ ಸದ್ದಷ್ಟೇ ಕೇಳುತ್ತದೆ.

ಬೆಲೆ ಹೆಚ್ಚುಕಡಿಮೆ ದುಪ್ಪಟ್ಟು. ಹಳೆಯ ಡಿಸ್‌ಪ್ಲೇ ಹೊಂದಲಿಲ್ಲ, ಅದನ್ನೂ ಕೊಳ್ಳಬೇಕಾಯಿತು. ದಿನವೂ ಗುಡ್ಡ ಹತ್ತುವ ನನಗೆ ಆ ಹಣ ಭಾರವೆನಿಸಿಲ್ಲ. ಸಮತಟ್ಟಾದ ಬಡಾವಣೆಯಲ್ಲಿ ಹಾಲಿಗೆ, ಕಾಯಿಪಲ್ಲೆಗೆ ಹೋಗಿಬರುವವರಿಗೆ ಸ್ಕ್ವೇರ್ ವೇವ್ ಸಾಕು. ಬಿಳಿ ತಂತಿಗಳಿರುವ ಸ್ಕ್ವೇರ್ ವೇವ್ ಕೂಡ ಸಿಗುತ್ತದೆ. ಅಂಥದ್ದನ್ನೇ ಕೇಳಿ ಕೊಳ್ಳಿ.